ಅಪ್ಪನ ಇಯೋಸಿನೋಫಿಲ್ ಎರಡು ವರ್ಷದಿಂದ ಇಳಿದಿಲ್ಲ, ಯಾರಿಗಾದರೂ ಹೀಗಾಗಿದೆಯಾ?

ಅಪ್ಪನಿಗೆ 62. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಬರಿಗಾಲಲ್ಲೇ ಓಡಾಟ. ಎರಡು ವರ್ಷದಿಂದ ಎಇಸಿ, ಅಂದರೆ ರಕ್ತದಲ್ಲಿ ಇಯೋಸಿನೋಫಿಲ್ ಕಣಗಳ ಲೆಕ್ಕ, 1,400ರ ಸುತ್ತಲೇ ಇದೆ. 500ರೊಳಗೆ ಇರಬೇಕಂತೆ. ಆಗಾಗ ಮೈತುರಿಕೆ, ಹೊಟ್ಟೆನೋವು. ಅಲರ್ಜಿ ಅಂತ ಸಿಟ್ರಿಜಿನ್ ನುಂಗಿದ್ದೇ ಬಂತು. ಹೊಟ್ಟೆಹುಳ ಇರಬಹುದಾ ಅಂತ ಒಮ್ಮೆ ಮಲ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲ. ಈಗ ಸ್ಟೀರಾಯ್ಡ್ ಶುರು ಮಾಡೋಣ ಅನ್ನುತ್ತಿದ್ದಾರೆ. ಅನುಭವ ಇರುವವರು ಹೇಳಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವ:
ಒಂದೇ ಸಲ ನೋಡಿ ಹುಳ ಇಲ್ಲ ಅನ್ನೋಕಾಗಲ್ಲ ಅಕ್ಕ. ಮೊಟ್ಟೆಯಾಗಲಿ ಮರಿಯಾಗಲಿ ದಿನಾ ಒಂದೇ ಲೆಕ್ಕದಲ್ಲಿ ಬೀಳಲ್ಲ. ಬೇರೆ ಬೇರೆ ದಿನ ಮೂರು ಸಲ ಕೊಡಿ.
ಇಯೋಸಿನೋಫಿಲ್ ಅಂದರೆ ಬಿಳಿ ರಕ್ತಕಣದಲ್ಲಿ ಒಂದು ಜಾತಿ. ಇಯೋಸಿನ್ ಬಣ್ಣ ಹಾಕಿದರೆ ಒಳಗಿನ ಕಾಳುಗಳು ಕಿತ್ತಳೆ-ಗುಲಾಬಿಯಾಗಿ ಕಾಣುತ್ತವೆ, ನೋಡೋಕೆ ಚೆಂದ. ಬ್ಯಾಕ್ಟೀರಿಯಾ ಆದರೆ ಬೇರೆ ಬಿಳಿಕಣ ನುಂಗಿಬಿಡುತ್ತದೆ. ಹುಳವನ್ನು ನುಂಗೋದು ಹೇಗೆ? ಒಂದು ಕಣಕ್ಕಿಂತ ಅದು ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ ಇವು ಗುಂಪಾಗಿ ಮರಿಹುಳದ ಮೈಗೆ ಅಂಟಿಕೊಂಡು, ಆ ಕಾಳುಗಳಲ್ಲಿರುವ ವಿಷ ಸುರಿಯುತ್ತವೆ. ಹುಳ ಇರುವವರೆಗೂ ಐಎಲ್-5 ಅನ್ನುವ ಸಂದೇಶ ಮೂಳೆಮಜ್ಜೆಗೆ ಹೋಗುತ್ತಿರುತ್ತದೆ, ಹೊಸ ಕಣ ಹುಟ್ಟುತ್ತಿರುತ್ತವೆ. ಸಿಟ್ರಿಜಿನ್‌ನಿಂದ ತುರಿಕೆ ತಗ್ಗಬಹುದು, ಹುಳ ಹೋಗಲ್ಲ.

ಉಡುಪಿ ಕಡೆಯವಳು:
ನನಗೆ ರಾತ್ರಿ ಮಾತ್ರ ಕೆಮ್ಮು. ಒಂದು ವರ್ಷ ಆಸ್ತಮಾ ಅಂತ ಇನ್‌ಹೇಲರ್ ಎಳೆದೆ. ಕೊನೆಗೆ ಎಇಸಿ ನೋಡಿದರೆ 4,800! ಆನೆಕಾಲು ರೋಗದ ಹುಳಕ್ಕೆ ಶ್ವಾಸಕೋಶ ಸಿಟ್ಟಿಗೆದ್ದದ್ದಂತೆ. ರಾತ್ರಿ ರಕ್ತ ತೆಗೆದು ನೋಡಿದರೂ ಮರಿಹುಳ ಸಿಗಲಿಲ್ಲ. ಈ ಕಾಯಿಲೆಯಲ್ಲಿ ಸಿಗದೇ ಇರೋದೇ ಜಾಸ್ತಿ, ದೇಹ ಅವನ್ನು ಶ್ವಾಸಕೋಶದಲ್ಲೇ ಹಿಡಿದು ಕೊಲ್ಲುತ್ತದೆ ಅಂದರು ಡಾಕ್ಟರು. ಮೂರು ವಾರ ಡಿಇಸಿ ಅನ್ನುವ ಹುಳದ ಮಾತ್ರೆ. ಮೊದಲ ವಾರದಲ್ಲೇ ನಿದ್ದೆ ಬಂತು.

ಡಾಕ್ಟರ್ ಒಬ್ಬರು:
ಸ್ಟೀರಾಯ್ಡ್ ಮಾತಿಗೆ ಸ್ವಲ್ಪ ತಡೆಯಿರಿ. ಸ್ಟ್ರಾಂಗೈಲಾಯ್ಡಿಸ್ ಅಂತ ಒಂದು ಹುಳ ಇದೆ, ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ಹೊಟ್ಟೆಯೊಳಗೇ ಮರಿ ಮಾಡಿ ಅದೇ ಮನುಷ್ಯನಿಗೆ ಮತ್ತೆ ಸೋಂಕು ಹತ್ತಿಸುತ್ತದೆ. ಹೀಗೆ ಹತ್ತಾರು ವರ್ಷ ಇರಬಲ್ಲದು. ಸ್ಟೀರಾಯ್ಡ್ ಕೊಟ್ಟರೆ ಎಇಸಿ ಚೆನ್ನಾಗಿಯೇ ಇಳಿಯುತ್ತದೆ, ರಿಪೋರ್ಟ್ ನೋಡಿ ನಾವು ಖುಷಿ ಪಡುತ್ತೇವೆ. ಒಳಗೆ ಹುಳ ಮಿತಿಮೀರಿ ಮೈಯೆಲ್ಲಾ ಹರಡಿ ಪ್ರಾಣಕ್ಕೇ ಬರಬಹುದು. ಇದಕ್ಕೆ ರಕ್ತದ ಆಂಟಿಬಾಡಿ ಪರೀಕ್ಷೆ ಇದೆ, ಕೇಳಿ ಮಾಡಿಸಿ. ವರ್ಷಕ್ಕೊಮ್ಮೆ ನುಂಗುವ ಒಂದು ಹುಳದ ಮಾತ್ರೆ, ಆಲ್ಬೆಂಡಜೋಲ್, ಇದಕ್ಕೆ ಸಾಲದು, ಸಾಮಾನ್ಯವಾಗಿ ಐವರ್ಮೆಕ್ಟಿನ್ ಬೇಕು.
ಇನ್ನೊಂದು ಮಾತು. ಹಳೇ ಸೋಂಕಿನಲ್ಲಿ ದೇಹವೇ ಹುಳದ ಜತೆ ರಾಜಿ ಮಾಡಿಕೊಂಡು ತನ್ನ ಸಿಟ್ಟನ್ನು ತಗ್ಗಿಸಿಕೊಳ್ಳುತ್ತದೆ. ಆಗ ಎಇಸಿ ಸ್ವಲ್ಪವೇ ಜಾಸ್ತಿ ಇರಬಹುದು, ಸರಿಯಾಗಿಯೂ ಇರಬಹುದು. ಹಾಗಾಗಿ ಬರೀ ಅಂಕಿ ಹಿಡಿದು ಕೂರಬೇಡಿ.

ಮೈಸೂರಿನಿಂದ:
ನಮ್ಮ ಅತ್ತೆಗೆ ಹುಳವೇ ಇರಲಿಲ್ಲ. ಹೊಸದಾಗಿ ಶುರು ಮಾಡಿದ್ದ ಒಂದು ಮಾತ್ರೆ ಮೈಗೆ ಒಗ್ಗಿರಲಿಲ್ಲ, ಅಷ್ಟೆ. ಅಪ್ಪನ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಸ್ಟೀರಾಯ್ಡ್ ಚೀಟಿ ಸದ್ಯಕ್ಕೆ ಡ್ರಾಯರ್ ಸೇರಿದೆ. ಆಂಟಿಬಾಡಿ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗುತ್ತೇವೆ. ಮಲದ ಮೊದಲ ಡಬ್ಬಿ ಇವತ್ತು ಕೊಟ್ಟಾಯಿತು. ಇನ್ನೆರಡು ಡಬ್ಬಿ ಅಂದಿದ್ದಕ್ಕೆ ಅಪ್ಪ ಗೊಣಗುತ್ತಾ ತೋಟಕ್ಕೆ ಹೋದರು, ಮತ್ತೆ ಬರಿಗಾಲಲ್ಲೇ.