ಆರೋಪಿ ನಂಬರ್ 2

ಶಿರಸಿ ದೊಡ್ಡಪ್ಪ: ನಿನ್ನೆ ಹಾಕಿದ ಕೋರ್ಟು ಕಾಗದದ ಫೋಟೋ ದಯವಿಟ್ಟು ಡಿಲೀಟ್ ಮಾಡಿ. ಮುತ್ತಜ್ಜ ಜೈಲಿಗೆ ಹೋಗಿದ್ದು ಉಪ್ಪಿನ ಸತ್ಯಾಗ್ರಹಕ್ಕೆ. ಮನೆತನದ ಪುಸ್ತಕದಲ್ಲೂ ಹಾಗೇ ಬರೆದಿದ್ದೇವೆ. 'ಕಳವು' ಅನ್ನೋ ಶಬ್ದ ಅದರಲ್ಲಿ ಬರಬಾರದು.

ಬೆಂಗಳೂರು ಅತ್ತೆ: ಹೌದು. ಈ ಗುಂಪಿನಲ್ಲಿ ಬೀಗರೂ ಇದ್ದಾರೆ.

ನಾನು: ಫೋಟೋ ಹಾಕಿದ್ದು ನಾನೇ ದೊಡ್ಡಪ್ಪ. ತೆಗೆಯೋದಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದವಾಗುತ್ತೆ.

ಅಂಕೋಲೆಯಲ್ಲಿ ಉಪ್ಪು ಮಾಡಿದ್ದು 1930ರ ಏಪ್ರಿಲ್ 13ರಂದು. ಈ ಕಾಗದ 1932ರದ್ದು, ಸಿದ್ದಾಪುರದ ಕರನಿರಾಕರಣೆಯ ಕಾಲದ್ದು. ಮುತ್ತಜ್ಜ ತೀರುವೆ ಕಟ್ಟಲಿಲ್ಲ. ಸರಕಾರ ತೋಟ ಜಪ್ತಿ ಮಾಡಿತು. ಅಷ್ಟರಲ್ಲಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯೋ ಸಮಯ ಬಂತು. ತಾವೇ ನೆಟ್ಟ ಮರದಿಂದ ಅಡಿಕೆ ಇಳಿಸಿದರು. ತೋಟ ಆಗಲೇ ಸರಕಾರದ್ದು ತಾನೆ? ಹಾಗಾಗಿ ಅದು ಕಳವು, ದಂಡಸಂಹಿತೆಯ 379ನೇ ಕಲಮು. ಇದರಲ್ಲಿ ನಾಚಿಕೆ ಪಡೋದು ಏನಿದೆ ಅತ್ತೆ? ಆ ವರ್ಷ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿ ಜಮೀನು ಕೊಂಡವರ ಮನೆ ಮುಂದೆ ಉಪವಾಸ ಕೂತಿದ್ದರು. ಬೀಗರಿಗೆ ಅದನ್ನೂ ಹೇಳಿ.

ಆದರೆ ನನ್ನ ಜಗಳ ಅದಲ್ಲ. ಫೋಟೋ ದೊಡ್ಡದು ಮಾಡಿ ನೋಡಿ. ಮಡಚಿದ ಗೆರೆಯ ಕೆಳಗೆ ಶಾಯಿ ಹರಡಿದೆ, ಆದರೂ ಓದಲು ಬರುತ್ತೆ. ಆರೋಪಿ ನಂಬರ್ 2. ನಮ್ಮ ತೋಟದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವನು.

ಮರ ಹತ್ತಿದ್ದು ಅವನು. ಮರ ಹತ್ತೋಕೆ ಕಾಲಿಗೆ ತಳೆ ಅನ್ನೋ ಬಳೆ ಹಾಕಿಕೊಂಡು, ಮರದಿಂದ ಮರಕ್ಕೆ ದಾಟಿ, ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿದ. ಕೆಳಗೆ ಹಗ್ಗ ಹಿಡಿದು ನಿಂತವರು ಮುತ್ತಜ್ಜ. ಅಜ್ಜಿ ಇದನ್ನು ಎಷ್ಟು ಸಲ ಹೇಳಿದ್ದಾಳೆ! ಹಗ್ಗದ ಕಥೆ ನಮಗೆಲ್ಲ ಗೊತ್ತು. ಹಗ್ಗದ ಆ ತುದಿಯಲ್ಲಿ ಯಾರಿದ್ದರು ಅಂತ ನಾವು ಯಾರೂ ಕೇಳಲೇ ಇಲ್ಲ.

ಇಬ್ಬರಿಗೂ ಒಂದೇ ಶಿಕ್ಷೆ ಆಗಿದೆ, ಕಾಗದದಲ್ಲೇ ಇದೆ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು, ಆಮೇಲೆ ನಮ್ಮ ತೋಟ ನಮಗೆ ವಾಪಸ್ ಸಿಕ್ಕಿತು. ಅವನಿಗೆ ವಾಪಸ್ ಕೊಡೋಕೆ ಜಮೀನೇ ಇರಲಿಲ್ಲ. ಈ ಕಾಗದ ಮುಚ್ಚಿಟ್ಟರೆ ಮುತ್ತಜ್ಜನಿಗೆ ಏನೂ ಆಗೋದಿಲ್ಲ, ಅವರ ಹೆಸರು ಪುಸ್ತಕದ ತುಂಬ ಇದೆ. ಅವನ ಹೆಸರು ಇರೋದು ಇದೊಂದರಲ್ಲೇ.

ಹುಬ್ಬಳ್ಳಿ ಚಿಕ್ಕಪ್ಪ: ನೀನು ಹೇಳೋದು ಸರಿ. ಆದರೆ ಪುಸ್ತಕ ಆಗಲೇ ಪ್ರೆಸ್ಸಿಗೆ ಹೋಗಿದೆ.

ನಾನು: ಒಂದು ಪುಟ ಜಾಸ್ತಿ ಆದರೆ ಆ ಖರ್ಚು ನನ್ನದು.

ಬೆಂಗಳೂರು ಅತ್ತೆ: ಅಮ್ಮ ಹಬ್ಬದ ದಿನ ಹೊಳೆಯಾಚೆ ಒಂದು ಮನೆಗೆ ಕಡುಬು ಕಳಿಸುತ್ತಿದ್ದಳು. ನಾನೇ ಕೊಟ್ಟು ಬರುತ್ತಿದ್ದೆ. ಯಾಕೆ ಅಂತ ಒಂದು ದಿನವೂ ಹೇಳಲಿಲ್ಲ.

ಶಿರಸಿ ದೊಡ್ಡಪ್ಪ: ಅದೇ ಮನೆ. ಮೊಮ್ಮಗ ಸಿದ್ದಾಪುರದಲ್ಲಿದ್ದಾನೆ, ನಂಬರ್ ಹುಡುಕುತ್ತೇನೆ. ಅವನಿಗೆ ಮೊದಲು ತೋರಿಸಿ, ಕೇಳಿ, ಆಮೇಲೆ ಪ್ರೆಸ್ಸಿಗೆ ಫೋನು ಮಾಡೋಣ. ಫೋಟೋ ಇರಲಿ.