ಇಲಿಯ ಲಾಡಿ ಹುಳು ಮಗುವಿನ ಹೊಟ್ಟೆಗೆ ಹೇಗೆ ಬಂತು?

ಪ್ರಶ್ನೆ (ಆನ್‌ಲೈನ್ ಗುಂಪಿನಲ್ಲಿ ಮಗುವಿನ ತಾಯಿ): ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ ಮೂರೂವರೆ ವರ್ಷ. ಒಂದು ತಿಂಗಳಿಂದ ಆಗಾಗ ಹೊಟ್ಟೆನೋವು ಅನ್ನುತ್ತಾನೆ, ಊಟವೂ ಅಷ್ಟಕ್ಕಷ್ಟೆ. ಮಲ ಪರೀಕ್ಷೆ ಮಾಡಿಸಿದೆವು. ರಿಪೋರ್ಟ್‌ನಲ್ಲಿ ಹೈಮೆನೊಲೆಪಿಸ್ ಡಿಮಿನ್ಯೂಟಾ ಮೊಟ್ಟೆ ಇದೆ ಅಂತ ಬಂದಿದೆ. ಇಲಿಯಲ್ಲಿರೋ ಲಾಡಿ ಹುಳು ಅಂತೆ. ಕೇಳಿ ಕೈಕಾಲೇ ಆಡಲಿಲ್ಲ. ನಮ್ಮ ಮನೆಯಲ್ಲಿ ಮಾಂಸ ಮಾಡುವುದೇ ಇಲ್ಲ. ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆಯನ್ನೂ ತಿನ್ನಿಸಿದ್ದರು. ಮತ್ತೆ ಇದು ಎಲ್ಲಿಂದ ಬಂತು? ಮಿದುಳಿಗೆ ಹೋಗುತ್ತಾ?

ಉತ್ತರ (ಮಕ್ಕಳ ಡಾಕ್ಟರ್): ಇಲ್ಲಮ್ಮ, ಮಿದುಳಿಗೆ ಹೋಗುವುದಿಲ್ಲ. ಆ ಭಯ ಇರುವುದು ಹಂದಿಯ ಲಾಡಿ ಹುಳುವಿನಿಂದ. ಇದು ಕರುಳು ಬಿಟ್ಟು ಕದಲುವುದಿಲ್ಲ.

ಮಾಂಸಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲಿಯ ಕರುಳಿನಲ್ಲಿ ಈ ಹುಳು 20ರಿಂದ 60 ಸೆಂ.ಮೀ. ಉದ್ದ ಬೆಳೆಯುತ್ತದೆ. ಇದರ ಮೊಟ್ಟೆ ಇಲಿ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಹಿಟ್ಟು, ಕಾಳುಗಳಲ್ಲಿ ಆಗುವ ಹುಳ ಆ ಹಿಕ್ಕೆಯನ್ನು ಮೇಯುತ್ತದೆ. ಮೊಟ್ಟೆಯೊಳಗಿನ ಲಾಡಿ ಹುಳುವಿನ ಮರಿ ಆ ಕೀಟದ ಮೈಯೊಳಗೆ ಬೆಳೆದು ಕಾದು ಕೂತಿರುತ್ತದೆ. ಅಂಥ ಹುಳವನ್ನು ಇನ್ನೊಂದು ಇಲಿ ತಿಂದರೆ ಲಾಡಿ ಹುಳುವಿಗೆ ಹೊಸ ಮನೆ ಸಿಕ್ಕಿತು. ಇಲಿ ತಿನ್ನಬೇಕಾದ ಹುಳವನ್ನು ನಿಮ್ಮ ಮಗ ನುಂಗಿದ್ದಾನೆ, ಅಷ್ಟೆ. ಇಲಿ ಹಿಕ್ಕೆ ನೇರವಾಗಿ ಬಾಯಿಗೆ ಹೋದರೂ ಈ ಹುಳು ಆಗುವುದಿಲ್ಲ, ನಡುವೆ ಆ ಕೀಟ ಬೇಕೇ ಬೇಕು. (ಹಾಗಂತ ಹಿಕ್ಕೆಯ ಬಗ್ಗೆ ಸದರ ಬೇಡ, ಇಲಿಯಿಂದ ಬೇರೆ ಕಾಯಿಲೆಗಳಿವೆ.) ಮನುಷ್ಯರಲ್ಲಿ ಇದು ಅಪರೂಪ. ಸಿಗುವುದು ಹೆಚ್ಚಾಗಿ ಮಕ್ಕಳಲ್ಲೇ, ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವವರು ಅವರೇ ಅಲ್ವಾ.

ಅಂಗನವಾಡಿಯಲ್ಲಿ ಕೊಟ್ಟದ್ದು ಆಲ್ಬೆಂಡಜೋಲ್. ಅದು ದುಂಡು ಹುಳು, ಕೊಕ್ಕೆ ಹುಳು, ಚಾಟಿ ಹುಳುಗಳಿಗೆ ಅಂತ ಕೊಡುವ ಮಾತ್ರೆ. ಇದಕ್ಕೆ ಬೇಕಾದದ್ದು ಪ್ರಾಜಿಕ್ವಾಂಟೆಲ್. ಸಾಮಾನ್ಯವಾಗಿ ಕಿಲೋ ತೂಕಕ್ಕೆ 25 ಮಿ.ಗ್ರಾಂ. ಲೆಕ್ಕದಲ್ಲಿ ಒಂದೇ ಸಲ. ಆದರೆ ಮಗುವನ್ನು ನೋಡಿದ ಡಾಕ್ಟರೇ ಬರೆದುಕೊಡಬೇಕು, ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರಬೇಡಿ.

ಈಗ ನನ್ನ ಪ್ರಶ್ನೆ. ಹಸಿ ಹಿಟ್ಟು, ಒಣದ್ರಾಕ್ಷಿ, ಹುರಿಗಡಲೆ ಡಬ್ಬಿಗೆ ಕೈ ಹಾಕುವ ಅಭ್ಯಾಸ ಇದೆಯಾ? ರಾಗಿಹಿಟ್ಟನ್ನು ಹೇಗೆ ತಿನ್ನಿಸುತ್ತೀರಿ?

ತಾಯಿ: ಮುದ್ದೆ ಕೊಡ್ತೀವಿ. ಮತ್ತೆ ಹುರಿಹಿಟ್ಟು. ಅತ್ತೆ ಊರಿಂದ ಕಳಿಸ್ತಾರೆ, ಹಾಲು ಬೆಲ್ಲ ಹಾಕಿ ಕಲಸಿ ಕೊಡೋದು. ಹುರಿದಿರುತ್ತಲ್ಲ ಮೇಡಂ?

ಡಾಕ್ಟರ್: ಹುರಿಯುವುದು ರಾಗಿಯನ್ನು. ಹುಳ ಬೀಳುವುದು ಬೀಸಿದ ಮೇಲೆ, ಡಬ್ಬಿಯಲ್ಲಿ. ಮುದ್ದೆ ಕುದಿಯುವ ನೀರಲ್ಲಿ ಬೇಯುತ್ತದೆ, ಅದರಲ್ಲಿ ಹುಳವಿದ್ದರೂ ಒಳಗಿನ ಮರಿ ಉಳಿಯುವುದಿಲ್ಲ. ಹುರಿಹಿಟ್ಟನ್ನು ಹಾಗೇ ಕಲಸಿ ತಿನ್ನುತ್ತೇವೆ. ನನಗೆ ಅನುಮಾನ ಅದರ ಮೇಲೇ ಜಾಸ್ತಿ. ಹುರಿಹಿಟ್ಟು ಒಳ್ಳೆಯ ತಿಂಡಿ, ಬಿಡಿ ಅನ್ನುವುದಿಲ್ಲ. ಸ್ವಲ್ಪ ಸ್ವಲ್ಪ ಮಾಡಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಬೇಗ ಮುಗಿಸಿ.

ಗುಂಪಿನ ಸದಸ್ಯರೊಬ್ಬರು: ಮೇಡಂ, ಒಂದೇ ತಟ್ಟೆಯಲ್ಲಿ ತಿನ್ನುವ ಅಕ್ಕ ತಂಗಿಗೂ ಅಂಟುತ್ತಾ?

ಡಾಕ್ಟರ್: ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಅದೇ ಡಬ್ಬಿಯ ಹಿಟ್ಟು ತಿಂದವರಿದ್ದರೆ ಅವರ ಮಲವನ್ನೂ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು. ಇದರ ಹತ್ತಿರದ ನೆಂಟ ಒಂದಿದೆ, ಹೈಮೆನೊಲೆಪಿಸ್ ನಾನಾ. ಉದ್ದ ಬರೀ 1.5ರಿಂದ 4 ಸೆಂ.ಮೀ., ಆದರೆ ಕಾಟ ಅದರದ್ದೇ ಹೆಚ್ಚು. ಅದಕ್ಕೆ ಕೀಟದ ಹಂಗಿಲ್ಲ, ಕೈಯಿಂದ ಬಾಯಿಗೆ ಹರಡುತ್ತದೆ. ಮನುಷ್ಯರಲ್ಲಿ ಹೆಚ್ಚು ಕಾಣುವುದೂ ಅದೇ. ಹಾಗಾಗಿ ಲ್ಯಾಬ್‌ನವರನ್ನು ಇನ್ನೊಮ್ಮೆ ಕೇಳುವುದು ತಪ್ಪಲ್ಲ. ನಾನಾದ ಮೊಟ್ಟೆ ಚಿಕ್ಕದು, ಒಳಗೆ ಸಣ್ಣ ಎಳೆಗಳು ಕಾಣುತ್ತವೆ. ಡಿಮಿನ್ಯೂಟಾ ಮೊಟ್ಟೆ ದೊಡ್ಡದು, ಎಳೆ ಇರುವುದಿಲ್ಲ.

ತಾಯಿ: ಈಗಷ್ಟೇ ಡಬ್ಬಿ ತೆಗೆದು ನೋಡಿದೆ. ಕೆಂಪಗಿನ ಸಣ್ಣ ಹುಳಗಳಿವೆ. ಬಿಸಿಲಿಗೆ ಹಾಕಿ ಜರಡಿ ಹಿಡಿದರೆ ಆಗುತ್ತಾ?

ಡಾಕ್ಟರ್: ಬೇಡಮ್ಮ. ಎರಡು ಕಿಲೋ ಹಿಟ್ಟಿನ ಮುಖ ನೋಡಬೇಡಿ, ಎಸೆದುಬಿಡಿ. ಡಬ್ಬಿ ತೊಳೆದು ಒಣಗಿಸಿ. ಇಲಿ ಬರುವ ಸಂದಿ ಮುಚ್ಚಿ. ಔಷಧಿ ಕೊಟ್ಟು ಮೂರು ನಾಲ್ಕು ವಾರ ಆದಮೇಲೆ ಮಲ ಪರೀಕ್ಷೆ ಮತ್ತೆ ಮಾಡಿಸಿ, ರಿಪೋರ್ಟ್ ಇಲ್ಲೇ ಹಾಕಿ.