‘ಯಾತನಾ ಶಿಬಿರ’ ಎಲ್ಲದಕ್ಕೂ ಸಲ್ಲುತ್ತದೆಯೇ?

ಪ್ರಶ್ನೆ: ಪದವಿ ತರಗತಿಯ ಇತಿಹಾಸ ಟಿಪ್ಪಣಿಯಲ್ಲಿ ನಾಜಿಗಳು ನಡೆಸಿದ ಡಖಾವ್, ಟ್ರೆಬ್ಲಿಂಕಾ, ಆಶ್ವಿಟ್ಜ್ ಮೂರಕ್ಕೂ ‘ಯಾತನಾ ಶಿಬಿರ’ ಎಂದೇ ಹಾಕುತ್ತಿದ್ದೇವೆ. ಸರಿಯೇ? ಹೊಲೊಕಾಸ್ಟ್‌ಗೆ ‘ಮಾರಣಹೋಮ’ ಎನ್ನಬಹುದೇ?

ಉತ್ತರ: ಮೇಡಂ, ಮೂರಕ್ಕೂ ಒಂದೇ ಪದ ಖಂಡಿತ ಬೇಡ. 1933ರ ಮಾರ್ಚ್‌ನಲ್ಲಿ ತೆರೆದ ಡಖಾವ್‌ಗೆ ‘ಯಾತನಾ ಶಿಬಿರ’ ಒಪ್ಪುತ್ತದೆ. ಕೈದಿಗಳನ್ನು ಕೂಡಿಹಾಕಿ, ನಂಬರು ಕೊಟ್ಟು, ದುಡಿಸಿ, ಹಿಂಸಿಸಿದ ಜಾಗ ಅದು. ಸಾವಿರಾರು ಜನ ಅಲ್ಲೇ ಸತ್ತರು. 1942ರ ಜುಲೈನಲ್ಲಿ ಶುರುವಾದ ಟ್ರೆಬ್ಲಿಂಕಾದ ಕೊಲೆಕೇಂದ್ರ ಹಾಗಲ್ಲ. ರೈಲಿನಿಂದ ಇಳಿಸಿದವರ ಬಟ್ಟೆ ಬಿಚ್ಚಿಸಿ, ಮುಚ್ಚಿದ ಕೋಣೆಗೆ ತಳ್ಳಿ, ಎಂಜಿನ್ನಿನ ಹೊಗೆ ಬಿಟ್ಟು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತಿದ್ದರು. ಹೆಣ ಸಾಗಿಸಲು, ಬಟ್ಟೆಬರೆ ವಿಂಗಡಿಸಲು ಕೆಲವು ನೂರು ಯಹೂದಿಗಳನ್ನಷ್ಟೇ ಉಳಿಸಿಕೊಳ್ಳುತ್ತಿದ್ದರು. ಆ ವರ್ಷದ ಕೊನೆಯೊಳಗೇ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಸಾಗಿಸಿದ್ದರು. ಇದನ್ನೂ ‘ಯಾತನಾ ಶಿಬಿರ’ ಎಂದರೆ, ಅಲ್ಲಿಂದ ಬದುಕಿ ಬಂದವರು ಇಷ್ಟು ಕಡಿಮೆ ಏಕೆ ಎಂಬುದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ‘ಕೊಲೆಶಿಬಿರ’ ಎಂದೇ ಬರೆಯಿರಿ. ಹೆಲ್ಮ್ನೊ, ಬೆಲ್ಜೆಟ್ಸ್, ಸೋಬಿಬೋರ್‌ಗೂ ಅದೇ ಸಾಕು. ಆಶ್ವಿಟ್ಜ್‌ನಲ್ಲಿ ಎರಡೂ ಇದ್ದವು. ಹಾಗಾಗಿ ಯಾವ ಭಾಗ ಎಂದು ಹೇಳಲೇಬೇಕು: ಗ್ಯಾಸ್ ಕೋಣೆಗಳಲ್ಲಿ ಕೊಲೆ ಹೆಚ್ಚಾಗಿ ನಡೆದದ್ದು ಬಿರ್ಕೆನಾವ್‌ನಲ್ಲಿ, ಕಾರ್ಖಾನೆ ದುಡಿಮೆ ಮೊನೊವಿಟ್ಜ್‌ನಲ್ಲಿ.

‘ಮಾರಣಹೋಮ’ ನನಗೆ ಒಪ್ಪಿಗೆಯಿಲ್ಲ. ಹೊಲೊಕಾಸ್ಟ್‌ನ ಗ್ರೀಕ್ ಮೂಲಕ್ಕೂ ಪೂರ್ತಿ ಸುಟ್ಟ ಆಹುತಿ ಎಂದೇ ಅರ್ಥ. ಆ ಕಾರಣಕ್ಕೇ ಹಲವರು ಅದನ್ನು ಬಿಟ್ಟು, ಮಹಾವಿಪತ್ತು ಎಂಬರ್ಥದ ಹೀಬ್ರೂ ಪದ ‘ಶೋಆ’ ಬಳಸುತ್ತಾರೆ. ಹೋಮ, ಮೇಧ ಎಂದ ಕೂಡಲೇ ಕೊಲೆಗೆ ಯಜ್ಞದ ಪಾವಿತ್ರ್ಯ ಅಂಟಿಕೊಳ್ಳುತ್ತದೆ. ಕೊಂದವರು ಯಾವ ದೇವರಿಗೂ ಏನನ್ನೂ ಅರ್ಪಿಸುತ್ತಿರಲಿಲ್ಲ. ‘ಹೊಲೊಕಾಸ್ಟ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಯೂರೋಪಿನ ಸುಮಾರು 60 ಲಕ್ಷ ಯಹೂದಿಗಳ ಹತ್ಯೆ’ ಎಂದು ಬಿಡಿಸಿ ಹೇಳಿ. ‘ಜನಾಂಗಹತ್ಯೆ’ಯನ್ನು ಜೆನೊಸೈಡ್‌ಗೆ ಮೀಸಲಿಡಿ. ಕಾನೂನು ತಜ್ಞ ರಾಫೆಲ್ ಲೆಮ್ಕಿನ್ ಜೆನೊಸೈಡ್ ಪದವನ್ನು ಅಚ್ಚಿಗೆ ತಂದದ್ದು 1944ರಲ್ಲಿ, ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಅದು ಸೇರಿದ್ದು 1948ರಲ್ಲಿ.

ನೀವು ಕೇಳದ ಇನ್ನೊಂದು ಪದವೇ ಹೆಚ್ಚು ಅಪಾಯದ್ದು: ‘ಸ್ಥಳಾಂತರ’. 1942ರ ಬೇಸಿಗೆಯಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದ ಗೋಡೆಗಳ ಮೇಲೆ ಅಂಟಿಸಿದ ನೋಟಿಸಿನಲ್ಲಿ ಇದ್ದದ್ದು ‘ಪೂರ್ವಕ್ಕೆ ಸ್ಥಳಾಂತರ’ ಎಂಬ ಮಾತೇ. ರೈಲು ಹೋದದ್ದು ಟ್ರೆಬ್ಲಿಂಕಾಕ್ಕೆ. ನಾಜಿ ದಾಖಲೆಯಿಂದ ಎತ್ತಿದ ಇಂಥ ಪದಗಳಿಗೆ ಪ್ರತಿಸಲವೂ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಸ್ವಂತ ವಾಕ್ಯದಲ್ಲಿ ‘ಕೊಲೆಶಿಬಿರಕ್ಕೆ ಸಾಗಿಸಿದರು’ ಎಂದು ಬರೆಯಿರಿ. ಯಹೂದಿಗಳ ಸಾಮೂಹಿಕ ಕೊಲೆಗೆ ನಾಜಿಗಳು ಇಟ್ಟ ಹೆಸರಾದ ‘ಅಂತಿಮ ಪರಿಹಾರ’ಕ್ಕೂ ಇದೇ ನಿಯಮ.